ದಿಬ್ಬಕ್ಕೆ ಸುರಿದ ಕಿಟ್ಟ

ಕಬ್ಬಿಣ ಕರಗಿಸುವ ಫರ್ನೇಸನ್ನು ಅಡುಗೆಮನೆಯ ಒಲೆಯ ಹಾಗೆ ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಲು ಬರುವುದಿಲ್ಲ. ಒಮ್ಮೆ ತಣ್ಣಗಾದರೆ ಒಳಗಿನದೆಲ್ಲ ತಳದಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಅದನ್ನು ಒಡೆದು ತೆಗೆಯುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಅದಕ್ಕೇ ಭದ್ರಾವತಿಯಲ್ಲಿ ನಾವು ಮುಷ್ಕರ ಹೂಡಿದಾಗ ಯೂನಿಯನ್ನಿನವರೇ ಏಳು ಜನರನ್ನು ಆರಿಸಿ ಒಳಗೆ ಕಳಿಸಿದರು. ಬೆಂಕಿ ಸಾಯದಂತೆ ನೋಡಿಕೊಳ್ಳುವುದು, ಅಷ್ಟೇ ನಮ್ಮ ಕೆಲಸ. ತೋಳಿಗೆ ಹಳದಿ ಬಟ್ಟೆ ಕಟ್ಟಿಕೊಂಡು ನಾವು ಬಂದರೆ ಗೇಟಿನ ಮುಂದೆ ಕೂತವರು ಎದ್ದು ದಾರಿ ಬಿಡುತ್ತಿದ್ದರು. "ನಾಳೆ ಗೆದ್ದ ಮೇಲೆ ಕೆಲಸ ಮಾಡಕ್ಕೆ ಫರ್ನೇಸ್ ಬೇಕಲ್ಲ, ಹುಷಾರಾಗಿ ನೋಡ್ಕೊಳ್ರಪ್ಪ" ಎನ್ನುತ್ತಿದ್ದರು.

ಆ ಏಳು ಜನರಲ್ಲಿ ನಾನೂ ಒಬ್ಬ. ನನ್ನ ಹೆಸರು ಹೇಳಿದ್ದು ನನ್ನ ಭಾವ, ಅಕ್ಕನ ಗಂಡ. ಅವರು ಯೂನಿಯನ್ನಿನ ಕಾರ್ಯದರ್ಶಿ. ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ಮನೆ ಅಲೆಯುತ್ತಿದ್ದ ನನ್ನನ್ನು ಓಲ್ಡ್ ಟೌನಿನ ತಮ್ಮ ಮನೆಯಲ್ಲಿಟ್ಟುಕೊಂಡು ಈ ಕೆಲಸಕ್ಕೆ ಸೇರಿಸಿದವರೂ ಅವರೇ. ನಾನಿನ್ನೂ ಟೆಂಪರರಿ. "ಹುಡುಗ ಟೆಂಪರರಿ, ಒಳಗೆ ಹೆದರಿಸಿದ್ರೆ ಬಗ್ಗಿಬಿಡ್ತಾನೆ" ಎಂದು ಸಭೆಯಲ್ಲಿ ಯಾರೋ ಅಂದಿದ್ದರಂತೆ. ಭಾವ, "ಅವನು ನನ್ನ ಮನೆ ಹುಡುಗ, ಅವನ ಜವಾಬ್ದಾರಿ ನಂದು" ಎಂದರಂತೆ. ಅಕ್ಕ ಇದನ್ನು ಹೆಮ್ಮೆಯಿಂದ ನನಗೆ ಹೇಳಿದ್ದಳು.

ಮುಷ್ಕರ ಯಾತಕ್ಕೆಂದು ಇವತ್ತಿನವರಿಗೆ ಹೇಳಿದರೆ ಇಷ್ಟಕ್ಕೇನಾ ಎನ್ನಬಹುದು. ಸಂಬಳದ ಮಾತು ಆಮೇಲಿನದು. ಮೊದಲು ನಾವು ಆರಿಸಿದವರ ಜೊತೆ ಕೂತು ಮಾತಾಡಿ ಎಂಬುದೇ ನಮ್ಮ ಬೇಡಿಕೆ. ಕಾರ್ಖಾನೆ ಸರ್ಕಾರದ್ದು. ಆಳುವ ಪಕ್ಷದವರು ಕಟ್ಟಿದ ಒಂದು ಪುಟ್ಟ ಸಂಘವಿತ್ತು, ಸರ್ಕಾರ ಅದರ ಜೊತೆ ಮಾತ್ರ ಮಾತಾಡುತ್ತಿತ್ತು. ಹೆಚ್ಚು ಕಡಿಮೆ ಎಲ್ಲ ಕೆಲಸಗಾರರೂ ಇದ್ದ ನಮ್ಮ ಯೂನಿಯನ್ನು ಸರ್ಕಾರದ ಕಣ್ಣಿಗೆ ಬೀಳುತ್ತಿರಲಿಲ್ಲ. ಶಿವಮೊಗ್ಗದಲ್ಲಿ ನಡೆದ ಒಂದು ಸಭೆಗೆ ಬಂದಿದ್ದ ರಾಜಕಾರಣಿಯೊಬ್ಬರು, "ಇವರು ಸರ್ಕಾರದ ನೌಕರರು. ನೌಕರ ಮನವಿ ಕೊಡಬಹುದು, ಸರ್ಕಾರದ ಜೊತೆ ಚೌಕಾಶಿ ಮಾಡೋದಕ್ಕೆ ಇದೇನು ಸಂತೆಯೇ?" ಎಂದು ಚಪ್ಪಾಳೆ ಗಿಟ್ಟಿಸಿಕೊಂಡರು. ಮಾರನೆಯ ದಿನವೇ ವಿರೋಧ ಪಕ್ಷದವರೊಬ್ಬರು ನಮ್ಮ ಗೇಟಿನ ಮುಂದೆ ಬಂದು ಗಂಟಲು ಹರಿದುಕೊಂಡರು. ಅವರ ಜೀಪು ಹೋದ ಮೇಲೆ ಭಾವ ನಗುತ್ತಾ, "ಅವ್ರಿಗೂ ನಾವು ಬೇಕು, ಇವ್ರಿಗೂ ನಾವು ಬೇಕು. ಎದುರುಗಡೆ ಕುರ್ಚಿ ಹಾಕಕ್ಕೆ ಮಾತ್ರ ಯಾರಿಗೂ ಬೇಡ" ಎಂದಿದ್ದರು. ಮನವಿ ಕೊಡಲು ಹೋದವನು ನಿಂತೇ ಇರಬೇಕು ಎಂಬುದು ಅವರಿಗೆ ಚುಚ್ಚಿದಷ್ಟು ಬೇರೇನೂ ಚುಚ್ಚುತ್ತಿರಲಿಲ್ಲ.

ನನಗೆ ಚುಚ್ಚುತ್ತಿದ್ದದ್ದು ಬೇರೆ. ಶಿವಮೊಗ್ಗದ ರವೀಂದ್ರನಗರದಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹುಡುಗಿಯ ತಂದೆಗೆ ಬಟ್ಟೆ ಅಂಗಡಿ. ಅವರು ನನ್ನ ಮುಖ ನೋಡಿದ್ದಕ್ಕಿಂತ ಹೆಚ್ಚಾಗಿ ನನ್ನ ನೌಕರಿಯನ್ನು ನೋಡಿದ್ದರು. "ಕಾಯಂ ಆಗ್ಲಿ, ಆಮೇಲೆ ಮುಂದಿನ ಮಾತು" ಎಂದಿದ್ದರು. ಆ ಮಾತು ನನ್ನ ತಲೆಯಲ್ಲಿ ಹಗಲೂ ರಾತ್ರಿ ಸುತ್ತುತ್ತಿತ್ತು.

ಬೆಂಕಿಯನ್ನು ಎಷ್ಟೇ ಮಂದ ಮಾಡಿದರೂ ಫರ್ನೇಸಿನಲ್ಲಿ ಕಿಟ್ಟ ಸೇರುತ್ತದೆ. ಕಿಟ್ಟವೆಂದರೆ ಕರಗಿದ ಕಲ್ಮಶ, ಕೆಲಸಗಾರರ ಬಾಯಲ್ಲಿ ಸ್ಲ್ಯಾಗು. ಕೆಲಸ ನಡೆಯುವ ದಿನಗಳಲ್ಲಿ ಅದನ್ನು ಹಳಿಯ ಮೇಲೆ ಓಡುವ ದೊಡ್ಡ ಬಾನಿಗೆ ತುಂಬಿ, ಹೊಳೆಯ ಕಡೆಗಿದ್ದ ದಿಬ್ಬದ ಮೇಲಿಂದ ಕೆಳಕ್ಕೆ ಸುರಿಯುತ್ತಿದ್ದರು. ಆಗ ಆ ಕಡೆಯ ಆಕಾಶವೆಲ್ಲ ಕೆಂಪಾಗುತ್ತಿತ್ತು. ಓಲ್ಡ್ ಟೌನಿನ ಅಂಗಳಗಳಲ್ಲಿ ಕೂತವರು ಅದನ್ನು ನೋಡಿ ಇಂಥ ಪಾಳಿಯವರು ಫರ್ನೇಸಿನಿಂದ ಕಿಟ್ಟ ಇಳಿಸಿದರು ಎಂದು ಹೇಳಿಬಿಡುತ್ತಿದ್ದರು. ನಮ್ಮೂರಿನವರಿಗೆ ಅದು ಕಾರ್ಖಾನೆ ನಡೆಯುತ್ತಿದೆ ಎಂಬುದರ ಗುರುತು. ಮುಷ್ಕರ ಶುರುವಾದ ಮೇಲೆ ಆಕಾಶ ಕಪ್ಪಾಗಿಯೇ ಇತ್ತು. ಆ ಕಪ್ಪನ್ನು ನೋಡಿಯೇ ಜನ ಧೈರ್ಯ ತಂದುಕೊಳ್ಳುತ್ತಿದ್ದರು. ಅದಕ್ಕಾಗಿಯೇ ಭಾವ ನಮಗೆ ಒಳಗೆ ಹೋಗುವ ಮೊದಲು ಖಂಡಿತವಾಗಿ ಹೇಳಿದ್ದರು: ಕಿಟ್ಟ ತೆಗೆಯಲೇಬೇಕಾಗಿ ಬಂದರೆ ಷೆಡ್ಡಿನೊಳಗಿನ ಮರಳಿಗೆ ಬಿಡಿ, ದಿಬ್ಬಕ್ಕೆ ಒಯ್ಯಬೇಡಿ.

ಮೂರನೆಯ ವಾರವಿರಬೇಕು. ಬೈಗಾಗುವ ಹೊತ್ತಿಗೆ ಫೋರ್‌ಮನ್ ಬಂದ. ಕೆಟ್ಟ ಮನುಷ್ಯನೇನಲ್ಲ. ಬೆಂಗಳೂರಿನಿಂದ ಮೇಲಿನವರಿಗೆ ಫೋನಿನ ಮೇಲೆ ಫೋನು ಬರುತ್ತಿದೆ, ವಿಧಾನಸಭೆಯಲ್ಲಿ ಗಲಾಟೆಯಾಗುತ್ತಿದೆ, ಇದು ಬೇಗ ಮುಗಿಯಬೇಕಂತೆ ಎಂದ. ಆಮೇಲೆ ಫರ್ನೇಸಿನ ಕಡೆ ತಿರುಗಿ, "ಸ್ಲ್ಯಾಗ್ ತೆಗೀರಿ. ಇವತ್ತು ಬಾನಿಗೆ ತುಂಬಿ ದಿಬ್ಬಕ್ಕೆ ಕಳಿಸೋಣ" ಎಂದ.

ನಮ್ಮಲ್ಲಿ ವಯಸ್ಸಾದ ತಮಿಳರೊಬ್ಬರಿದ್ದರು. "ಮರಳಲ್ಲಿ ಜಾಗ ಇದೆಯಲ್ಲ ಸಾಮಿ?" ಎಂದರು.

"ಇದೆ. ಆದ್ರೂ ಊರಿಗೆ ಸ್ವಲ್ಪ ಬೆಳಕು ಕೊಡೋಣ. ಪಾಪ, ಕತ್ತಲಲ್ಲಿ ಕೂತಿದಾರೆ."

ನಮಗೆಲ್ಲ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಮುಂದೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳು. ಫೋರ್‌ಮನ್ ನನ್ನನ್ನು ಪಕ್ಕಕ್ಕೆ ಕರೆದ. "ನೀನು ಓದಿದೋನು. ಮುಷ್ಕರ ಮುಗಿದ ಮೇಲೆ ಕಾಯಂ ಮಾಡೋರ ಹೆಸರು ಕೇಳ್ತಾರೆ, ಮೊದಲು ನಿಂದೇ ಹೇಳ್ತೀನಿ. ಯೋಚ್ನೆ ಮಾಡು" ಎಂದ. ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ನೆಟ್ಟಗೆ ಹೋಗಿ ಕಿಟ್ಟದ ಬಾಯಿ ಒಡೆಯುವ ಗಡಾರಿ ಕೈಗೆತ್ತಿಕೊಂಡೆ.

"ತಂಬಿ," ಎಂದರು ಆ ಹಿರಿಯರು, "ನಿನ್ ಭಾವ ಹೊರಗೆ ಕೂತಿದಾನಪ್ಪ."

"ಫರ್ನೇಸ್ ಉಳೀಬೇಕಲ್ಲ ಅಣ್ಣ" ಎಂದೆ.

"ಆಹಾ, ಫರ್ನೇಸ್ ಮೇಲೆ ಎಂಥಾ ಪ್ರೀತಿ! ಮದುವೆ ಅದ್ರ ಜೊತೇನೇ ಆಗ್ಬಿಡು" ಎಂದು ಅವರು ಹೋಗಿ ಗೋಡೆಗೊರಗಿ ಕೂತರು. ಉಳಿದವರು ನನ್ನ ಮುಖ ನೋಡಿದರು. ಕಾರ್ಯದರ್ಶಿಯ ಭಾಮೈದನೇ ಕೈ ಹಾಕಿದ ಮೇಲೆ ತಮ್ಮದೇನು ಎಂದುಕೊಂಡರೋ ಏನೋ, ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಫೋರ್‌ಮನ್ನೇ ಬಾನಿ ಎಳೆಯುವ ಎಂಜಿನ್ ಹತ್ತಿದ. ದಿಬ್ಬದ ಮೇಲೆ ಬಾನಿಯ ಚಕ್ರ ತಿರುಗಿಸಿ ಬಗ್ಗಿಸಿದವನು ನಾನು. ಒಂದೇ ಒಂದು ಬಾನಿ. ಕಿಟ್ಟ ದಿಬ್ಬದ ಮೈಮೇಲೆ ಇಳಿದು ಹರಿಯಿತು, ಹೊಳೆಯ ನೀರಿನವರೆಗೂ ಬೆಳಕಾಯಿತು. ನನ್ನ ಕೈಗಳು ನನಗೇ ಸ್ಪಷ್ಟವಾಗಿ ಕಂಡವು.

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಜನ. ಊರಿನ ಇನ್ನೊಂದು ಭಾಗವಾದ ನ್ಯೂ ಟೌನಿನವರು, ಓಲ್ಡ್ ಟೌನಿನವರು ಮುಷ್ಕರ ಬಿಟ್ಟು ಒಳಗೆ ಹೋಗಿದ್ದಾರೆಂದುಕೊಂಡು ಬಂದಿದ್ದರು. ಓಲ್ಡ್ ಟೌನಿನವರು ನ್ಯೂ ಟೌನಿನವರು ಹೋಗಿದ್ದಾರೆಂದುಕೊಂಡು ಬಂದಿದ್ದರು. ಬಾನಿ ದಿಬ್ಬಕ್ಕೆ ಬಂತೆಂದರೆ ಪೂರ್ತಿ ಪಾಳಿಯೇ ಒಳಗಿದೆ ಎಂದಲ್ಲದೆ ಬೇರೆ ಅರ್ಥ ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಜನ ಕೆಲಸಕ್ಕೆ ಸೇರಿಯಾಗಿತ್ತು.

ನನ್ನ ಸರದಿ ಮುಗಿಸಿ ಮನೆಗೆ ಬಂದೆ. ಭಾವ ಜಗುಲಿಯಲ್ಲಿ ಕೂತಿದ್ದರು.

"ರಾತ್ರಿ ಒಳಗೆ ಎಷ್ಟು ಜನ ಇದ್ರಿ?" ಎಂದು ಕೇಳಿದರು.

"ನಾವೇ. ಏಳು ಜನ."

"ಬೇರೆ ಯಾರೂ ಬಂದಿರ್ಲಿಲ್ವಾ?"

"ಇಲ್ಲ ಭಾವ."

ಅವರು ನನ್ನನ್ನು ಬಯ್ಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡಿದ್ದೆ. ಅವರು ಎದ್ದು ನಿಂತು ಎರಡೂ ಕೈಯಲ್ಲಿ ನನ್ನ ಭುಜ ಹಿಡಿದುಕೊಂಡರು. ಮುಖದಲ್ಲಿ ಬೆಳಕು ಬಂದಿತ್ತು. "ಹಂಗಾದ್ರೆ ಇನ್ನೂ ಏನೂ ಹೋಗಿಲ್ಲ ಕಣೋ! ಯಾರೂ ಹೋಗಿಲ್ಲ ಅಂತ ಗೊತ್ತಾದ್ರೆ ಇವತ್ತು ಹೋದೋರು ನಾಳೆ ಹೊರಗೆ ಬರ್ತಾರೆ. ಸಾಯಂಕಾಲ ಮೈದಾನದಲ್ಲಿ ಸಭೆ ಕರೀತೀನಿ. ನೀನು ಬಂದು ಒಂದು ಮಾತು ಹೇಳ್ಬೇಕು. ಏಳೇ ಜನ ಇದ್ವಿ, ಒಂದೇ ಬಾನಿ ಸುರಿದ್ವಿ ಅಂತ. ಅಷ್ಟೇ. ಯಾರು ಸುರಿಸಿದ್ರು, ಯಾಕೆ, ಅದೆಲ್ಲ ಬೇಡ."

"ನೀವೇ ಹೇಳಿ ಭಾವ."

"ನಾನು ಹೇಳಿದ್ರೆ ಯೂನಿಯನ್ನೋನು ಸುಳ್ಳು ಹೇಳ್ತಾನೆ ಅಂತಾರೆ. ಒಳಗಿದ್ದೋರು ಹೇಳ್ಬೇಕು ಮಾರಾಯ. ಉಳಿದೋರನ್ನ ಕೇಳ್ದೆ, ಒಬ್ರೂ ಬಾಯಿ ಬಿಡ್ಲಿಲ್ಲ. ಆ ತಮಿಳರ ಹಿರಿಯ ಹೇಳ್ತಿದ್ರೇನೋ, ಮೇಲಿನೋರು ಅವ್ರನ್ನ ಹೊರಗೇ ಬಿಡ್ತಿಲ್ಲ. ನೀನು ಬರ್ತೀಯ ತಾನೆ?"

"ಬರ್ತೀನಿ" ಎಂದೆ.

ಅಕ್ಕ ರೊಟ್ಟಿ ಬಡಿಸಿದಳು. "ತಿಂದು ಒಂದು ಗಳಿಗೆ ಮಲಗು, ಕಣ್ಣು ಕೆಂಡ ಆಗಿದೆ. ಸಭೆ ಹೊತ್ತಿಗೆ ಎಬ್ಬಿಸ್ತೀನಿ" ಎಂದಳು. ತಿಂದೆ. ಮಲಗಲಿಲ್ಲ. ಮೈದಾನದಲ್ಲಿ ನಿಂತು ಆ ಮಾತು ಹೇಳಿದರೆ ಫೋರ್‌ಮನ್ನಿನ ಕಿವಿಗೆ ಬೀಳುವುದು ಎಷ್ಟು ಹೊತ್ತು? ಅಕ್ಕ ಹಿತ್ತಲಿಗೆ ಹೋದಾಗ ಇಸ್ತ್ರಿ ಮಾಡಿಟ್ಟಿದ್ದ ಅಂಗಿ ಹಾಕಿಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ನಿಂತಿತ್ತು.

ಸಭೆ ನಡೆಯುತ್ತಿದ್ದ ಹೊತ್ತಿಗೆ ನಾನು ರವೀಂದ್ರನಗರದ ಆ ಮನೆಯ ನಡುಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ. ಹುಡುಗಿಯ ತಂದೆ ಕೇಳಿದರು: "ನಿಮ್ಮಲ್ಲಿ ಏನೋ ಗಲಾಟೆಯಂತೆ? ನೀವು ಅದ್ರಲ್ಲೇನೂ ಇಲ್ಲ ತಾನೆ?"

"ಇಲ್ಲ" ಎಂದೆ. "ಕಾಯಂ ಆಗೋ ಹಾಗಿದೆ" ಎಂದೂ ಸೇರಿಸಿದೆ.

ಅವರು ಒಳಕ್ಕೆ ನೋಡಿ, "ಇನ್ನೊಂದು ಸ್ವಲ್ಪ ಹಾಕಮ್ಮ" ಎಂದರು.

ಮೈದಾನದಲ್ಲಿ ನಡೆದದ್ದನ್ನು ಆಮೇಲೆ ಬೇರೆಯವರಿಂದ ಕೇಳಿದೆ. ಒಳಗಿದ್ದವರೊಬ್ಬರು ಬಂದು ನಿಜ ಹೇಳುತ್ತಾರೆ, ಸ್ವಲ್ಪ ತಾಳಿ ಎಂದು ಭಾವ ಜನರನ್ನು ಹಿಡಿದಿಟ್ಟರಂತೆ. ದಾರಿಯ ಕಡೆ ನೋಡುತ್ತಾ ಮತ್ತೆ ಮತ್ತೆ ಅದೇ ಮಾತು ಹೇಳಿದರಂತೆ. ಕೊನೆಗೆ ಹಿಂದಿನಿಂದ ಯಾರೋ, "ಸಾಕ್ಷಿಗೆ ಬಸ್ ಸಿಗ್ಲಿಲ್ವೇನೋ!" ಎಂದು ಕೂಗಿದರಂತೆ. ಜನ ನಕ್ಕರಂತೆ. ನಗುತ್ತಲೇ ಎದ್ದು ಹೋದರಂತೆ. ಯಾರು ಬರಬೇಕಾಗಿತ್ತು ಎಂದು ಕೇಳಿದವರಿಗೆ ಭಾವ ನನ್ನ ಹೆಸರು ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ.

ಮುಷ್ಕರ ಮುರಿಯಿತು. ತಪ್ಪಾಯಿತೆಂದು ಬರೆದುಕೊಟ್ಟವರನ್ನು ಒಳಗೆ ಸೇರಿಸಿಕೊಂಡರು. ಭಾವ ಬರೆದುಕೊಡಲಿಲ್ಲ, ಅವರ ಕೆಲಸ ಹೋಯಿತು. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ತೂಕ ಮಾಡುವ ಕೆಲಸಕ್ಕೆ ಸೇರಿ, ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದರು. ನನ್ನನ್ನು ಮನೆ ಬಿಡು ಎನ್ನಲಿಲ್ಲ. ನಾನೇ ಬಿಟ್ಟೆ. ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಅಕ್ಕ ಬಾಗಿಲಿಗೆ ಬಂದು, "ಬರಲ್ಲ ಅಂತನಾದ್ರೂ ಹೇಳಿ ಹೋಗ್ಬಾರ್ದಾಗಿತ್ತೇನೋ. ಅಷ್ಟು ಜನದ ಮುಂದೆ ದಾರಿ ಕಾಯ್ತಾ ನಿಂತಿದ್ರಲ್ಲೋ" ಎಂದಳು. ನಾನು ಪೆಟ್ಟಿಗೆ ಹೆಗಲಿಗೇರಿಸಿ ಮೆಟ್ಟಿಲಿಳಿದೆ.

ನಾನು ಕಾಯಂ ಆದೆ. ಮದುವೆಯಾಯಿತು. ಕೆಲವು ವರ್ಷಗಳ ಮೇಲೆ ಸರ್ಕಾರ ನಮ್ಮ ಯೂನಿಯನ್ನನ್ನು ಒಪ್ಪಿಕೊಂಡಿತು. ನಮ್ಮವರು ಅಧಿಕಾರಿಗಳ ಎದುರಿಗೆ ಕುರ್ಚಿಯಲ್ಲಿ ಕೂತು ಮಾತಾಡಿದರು. ಭಾವ ಆ ದಿನವೂ ಮಂಡಿಯಲ್ಲಿ ಅಡಿಕೆ ತೂಗುತ್ತಿದ್ದರು. ಅಷ್ಟು ವರ್ಷ ಮೊದಲೇ ಅವರಿಗೆ ಸಿಗಬಹುದಾಗಿದ್ದ ಕುರ್ಚಿ ಅದು.

ಆದರೆ ನಾನು ಇದನ್ನು ಬರೆಯಲು ಕೂತದ್ದು ಭಾವನ ಕ್ಷಮೆ ಕೇಳಲು ಅಲ್ಲ. ಆ ಹೊತ್ತು ಮೀರಿದೆ. ಆ ಬೆಳಿಗ್ಗೆ ತಲೆ ತಗ್ಗಿಸಿ ಗೇಟು ದಾಟಿದವರು ಮುಂದೆ ವರ್ಷಗಟ್ಟಲೆ ಒಬ್ಬರನ್ನೊಬ್ಬರು ದೂರುತ್ತಾ ಬದುಕಿದರು. "ಮೊದಲು ಹೋದೋರು ನೀವು" ಎಂದು ಓಲ್ಡ್ ಟೌನಿನವರು, "ನೀವಲ್ವೇನ್ರಿ?" ಎಂದು ನ್ಯೂ ಟೌನಿನವರು. ಕ್ಯಾಂಟೀನಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಈ ಜಗಳ ಎದ್ದಾಗಲೆಲ್ಲ ನಾನು ಎಲೆಯ ಮೇಲೆ ಕಣ್ಣಿಟ್ಟು ಅನ್ನ ಕಲಸುತ್ತಿದ್ದೆ. ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡೆ. ಒಂದು ಮನೆಯಿಂದ ಹೆಣ್ಣು ತರುವುದನ್ನು ಇನ್ನೊಂದು ಮನೆಯವರು ಅದೇ ಕಾರಣಕ್ಕೆ ಬೇಡವೆಂದದ್ದನ್ನೂ ಕಂಡೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಹೇಳಲಿಲ್ಲ.

ಅವರಲ್ಲಿ ಈಗ ಉಳಿದಿರುವವರು ಬೆರಳೆಣಿಕೆಯವರು. ಅವರ ಮಕ್ಕಳಾದರೂ ಇದನ್ನು ಅವರಿಗೆ ಓದಿ ಹೇಳಲಿ. ಆ ರಾತ್ರಿ ನಾವು ಏಳು ಜನ ಬಿಟ್ಟರೆ ನಿಮ್ಮವರು ಯಾರೂ ಒಳಗಿರಲಿಲ್ಲ. ಓಲ್ಡ್ ಟೌನಿನವರೂ ಇರಲಿಲ್ಲ, ನ್ಯೂ ಟೌನಿನವರೂ ಇರಲಿಲ್ಲ. ನಿಮ್ಮಲ್ಲಿ ಯಾರೂ ಯಾರಿಗಿಂತ ಮೊದಲು ಹೋಗಿರಲಿಲ್ಲ.