ಕೋಟಿನಕ್ಕನ ತಲೆಯ ಚುಕ್ಕೆ

ಕೋಟು ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈ. ಅದಕ್ಕೇ ಬೀದಿಯವರೆಲ್ಲ ಕೋಟಿನಕ್ಕ ಎನ್ನುತ್ತಿದ್ದರು. ಚಿಕ್ಕಂದಿನಿಂದ ಫಿಟ್ಸ್ ಇತ್ತು. ತಪ್ಪದೆ ಮಾತ್ರೆ ನುಂಗುತ್ತಿದ್ದುದರಿಂದ ಅದು ಬಾಲ ಮುದುರಿಕೊಂಡು ಬಿದ್ದಿತ್ತು.

ಮನೆಯವರದೇ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದವಳು ಅವಳ ಓರಗಿತ್ತಿ. ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳಿಗೆ ಮೊದಲಿನಿಂದಲೂ ಕಣ್ಣು. ಒಂದು ದಿನ ಅಕ್ಕನ ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದಳು.

"ಇದನ್ನ ತಿಂದೇ ಅಕ್ಕ ನೀವು ತೂಕಡಿಸೋದು. ಬಿಟ್ಟು ನೋಡಿ, ಏನಾದ್ರೂ ಆದ್ರೆ ನನ್ನ ಕೇಳಿ."

ಅಕ್ಕ ನಂಬಿದಳು. ವಾರದೊಳಗೆ ಮೇಜಿನ ಬುಡದಲ್ಲೇ ಬಿದ್ದು ಒದ್ದಾಡಿದಳು.

ಎಂಆರ್‌ಐ ಚಿತ್ರದಲ್ಲಿ ಮಿದುಳಿನ ನಟ್ಟನಡುವೆ ಬಿಳಿ ಚುಕ್ಕೆ ಕಂಡಿತು. "ಮಾತ್ರೆ ನಿಲ್ಲಿಸಿದ್ರಾ?" ಎಂದು ಡಾಕ್ಟರು ಕೇಳಿದರು.

"ಅಯ್ಯೋ, ನಾನೇ ಕೈಯಾರೆ ಕೊಡ್ತಿದ್ದೆ ಸಾರ್," ಎಂದಳು ಓರಗಿತ್ತಿ. ಮಂಪರಿನಲ್ಲಿದ್ದರೂ ಆ ಮಾತು ಅಕ್ಕನ ಕಿವಿಗೆ ಬಿತ್ತು.

ತಲೆಯಲ್ಲಿ ಗೆಡ್ಡೆಯಂತೆ ಎಂದು ಬೀದಿಗೆಲ್ಲ ಸುದ್ದಿ ಹಬ್ಬಿತು. "ಚುಕ್ಕೆ ಇರೋರ ಕೈಗೆ ಕತ್ತರಿ ಕೊಡೋದುಂಟಾ?" ಎನ್ನುತ್ತ ಓರಗಿತ್ತಿ ಮೇಜು ಹಿಡಿದಳು. ಅಕ್ಕನಿಗೆ ಬಾಗಿಲ ಬಳಿಯ ಸ್ಟೂಲು, ಗುಂಡಿ ಡಬ್ಬಿ.

ಎರಡನೆಯ ಸಲ ಆಸ್ಪತ್ರೆಗೆ ಅಕ್ಕ ಒಬ್ಬಳೇ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಹೊಸ ಚಿತ್ರದಲ್ಲಿ ಚುಕ್ಕೆಯೇ ಇರಲಿಲ್ಲ.

"ಗೆಡ್ಡೆ ಅಲ್ಲಮ್ಮ ಅದು," ಎಂದರು ಡಾಕ್ಟರು. "ಫಿಟ್ಸ್ ಮಾತ್ರೆ ತಟ್ಟನೆ ಬಿಟ್ರೆ ಹೀಗೆ ಬಂದು ಹೋಗುತ್ತೆ. ಕೆಲವು ಜ್ವರದಲ್ಲಿ, ಸಕ್ಕರೆ ತೀರಾ ಇಳಿದಾಗಲೂ ಕಾಣುತ್ತೆ. ಮಾತ್ರೆ ಮಾತ್ರ ಬಿಡ್ಬೇಡಿ."

ಅಕ್ಕ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಹಲ್ಲು ಕಚ್ಚಿಕೊಂಡು ಗುಂಡಿ ಹಚ್ಚುತ್ತ ಕಾದಳು.

ವಕೀಲರೊಬ್ಬರು ಹೊಸ ಕೋಟು ತೊಟ್ಟು ನೋಡಲು ಬಂದ ದಿನ ಅಂಗಡಿ ತುಂಬ ಗಿರಾಕಿಗಳಿದ್ದರು. ಓರಗಿತ್ತಿ ಎರಡು ಕಡೆಗೂ ಎಡತೋಳನ್ನೇ ಕತ್ತರಿಸಿ ಹೊಲಿದಿದ್ದಳು. ಬಲತೋಳು ಹಿಂದಕ್ಕೆ ತಿರುಚಿಕೊಂಡಿತು.

"ನಾನು ವಾದ ಮಾಡ್ಬೇಕೋ, ಬೆನ್ನು ಕೆರ್ಕೋಬೇಕೋ?" ಎಂದು ವಕೀಲರು ಗುಡುಗಿದರು.

"ಅಕ್ಕ, ಉಳಿದ ಬಟ್ಟೇಲಿ ನೀವೇ ಒಂದು ತೋಳು ತೆಗೀಬೇಕು," ಎಂದಳು ಓರಗಿತ್ತಿ.

"ನಾನಾ? ಚುಕ್ಕೆ ಇರೋರ ಕೈಗೆ ಕತ್ತರಿ ಕೊಡೋದುಂಟೇನೇ?"

ಅಂಗಡಿಯೆಲ್ಲ ನಕ್ಕಿತು. ಅಕ್ಕ ಎದ್ದು ಆಸ್ಪತ್ರೆಯ ಕವರಿನಿಂದ ಎರಡೂ ಚಿತ್ರಗಳನ್ನು ತೆಗೆದು ಬಾಗಿಲ ಗಾಜಿಗೆ ಅಂಟಿಸಿದಳು.

"ವಕೀಲರೇ, ಇದು ಆಗಿನದು, ಇದು ಈಗಿನದು. ಈಗಿನದ್ರಲ್ಲಿ ಚುಕ್ಕೆ ಹುಡುಕಿ. ಅದು ಯಾಕೆ ಬಂದಿತ್ತು ಅಂತ ಇವಳು ಹೇಳ್ಲಿ. ಆಮೇಲೆ ಕತ್ತರಿ ಮುಟ್ತೀನಿ."

ಓರಗಿತ್ತಿಯ ಮುಖ ಬಿಳಿಚಿತು. "ಮಾತ್ರೆ... ನಾನೇ ಬಿಸಾಕಿದ್ದೆ. ಡಾಕ್ಟರ ಹತ್ರ ಸುಳ್ಳು ಹೇಳ್ದೆ."

"ಜೋರಾಗಿ ಹೇಳು. ಆಚೆ ನಿಂತಿರೋರಿಗೂ ಕೇಳ್ಲಿ."

ಅವಳು ಮತ್ತೊಮ್ಮೆ ಹೇಳಿದಳು, ಅಳುತ್ತ. ಅಕ್ಕ ಕತ್ತರಿ ತೆಗೆದುಕೊಂಡು ಬಲತೋಳು ಕತ್ತರಿಸಿದಳು. ಗುಂಡಿ ಡಬ್ಬಿಯನ್ನು ಸ್ಟೂಲಿನ ಕಡೆ ತಳ್ಳಿದಳು. ಹೊಸ ಚಿತ್ರವನ್ನು ಕವರಿಗೆ ಸೇರಿಸಿದಳು. ಚುಕ್ಕೆಯಿದ್ದದ್ದನ್ನು ಮಾತ್ರ ಗಾಜಿನ ಮೇಲೆಯೇ ಬಿಟ್ಟಳು, ಸ್ಟೂಲಿನ ಮೇಲೆ ಕೂತವಳು ತಲೆ ಎತ್ತಿದಾಗಲೆಲ್ಲ ಕಣ್ಣಿಗೆ ಬೀಳುವಂತೆ.