ಡಿಶ್‌ವಾಷರ್‌ನಲ್ಲಿ ನೀರು ನಿಂತ ವಾರ

ನಮ್ಮ ಶೆಟ್ಟಿಹಳ್ಳಿ ಮನೆಯ ಡಿಶ್‌ವಾಷರ್‌ನಿಂದ ನೀರು ಹೊರಗೆ ಹೋಗುವುದು ನಿಂತಾಗ, ನಾನು ಕೆಲಸಕ್ಕೆ ಹೋಗದೆ ಹತ್ತೊಂಬತ್ತು ದಿನವಾಗಿತ್ತು.

ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಫಿಟ್ಟರ್. ಪಂಪು, ಪ್ರೆಸ್ಸು, ಕಂಪ್ರೆಸರ್ರು, ಯಾವುದು ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಅಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಒಬ್ಬ ಆಪರೇಟರ್‌ನ ಬಲಗೈಯ ಮೂರು ಬೆರಳು ಹೋದವು. ಕುಣಿಗಲ್ ಕಡೆಯವನು. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದ. ವಿಚಾರಣೆ ನಡೆಯಿತು. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿಯನ್ನು ಅವನೇ ಬಿಚ್ಚಿಟ್ಟಿದ್ದ, ಯಂತ್ರದಲ್ಲಿ ದೋಷ ಇರಲಿಲ್ಲ ಎಂದು ಬರೆದುಕೊಂಡರು. ನನ್ನ ಮೇಲೆ ಏನೂ ಬರಲಿಲ್ಲ. ಮ್ಯಾನೇಜರ್ ಮಾತ್ರ, "ಸ್ವಲ್ಪ ದಿನ ರಜ ತಗೊಳ್ಳಿ, ನಿಮ್ಮ ಮುಖ ಸರಿ ಇಲ್ಲ" ಎಂದರು.

ದುಃಖವಾಗಿತ್ತು ಎಂದರೆ ಸುಳ್ಳಾದೀತು. ಏನೂ ಆಗುತ್ತಿರಲಿಲ್ಲ. ಬೆಳಿಗ್ಗೆ ಏಳುತ್ತಿದ್ದೆ. ಕೊಟ್ಟ ಕಾಫಿಯನ್ನು ಆರಿದ್ದರೂ ಕುಡಿಯುತ್ತಿದ್ದೆ. ಹೆಂಡತಿ ಹೈಸ್ಕೂಲಿಗೆ ಪಾಠ ಮಾಡಲು ಹೋದ ಮೇಲೆ ಹಾಲ್‌ನ ಕುರ್ಚಿಯಲ್ಲಿ ಕೂತರೆ, ಅವಳು ವಾಪಸು ಬಂದಾಗಲೂ ಅಲ್ಲೇ ಇರುತ್ತಿದ್ದೆ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿದ್ದ ಅತ್ತೆ, ಕಡಬದವರು, ಕಪ್ಪು ಕನ್ನಡಕ ಹಾಕಿಕೊಂಡು ಎದುರಿಗೆ ಕೂರುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಇಬ್ಬರಿಗೂ ಅದು ಕಷ್ಟವಾಗಿರಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿ ಡಿಶ್‌ವಾಷರ್ ಬಾಗಿಲು ತೆರೆದು ಹಾಗೇ ನಿಂತಳು. ತಳದಲ್ಲಿ ಮೂರು ಬೆರಳು ನೀರು, ಮೇಲೆ ಎಣ್ಣೆಯ ಪಸೆ. ಅವಳು ನನ್ನ ಕಡೆ ತಿರುಗಿದಳು, ಏನೋ ಕೇಳಲು ಹೋಗಿ ಮಿಷಿನ್ನಿನ ಬಾಗಿಲು ಮುಚ್ಚಿದಳು. ಸರ್ವೀಸಿನವರಿಗೆ ಫೋನ್ ಮಾಡಿದಳು. ಮೂರು ದಿನ ಬಿಟ್ಟು ಬರುತ್ತೇವೆ ಎಂದರಂತೆ. ಅವಳು ಶಾಲೆಗೆ ಹೊರಟಳು.

ಇಪ್ಪತ್ತೆರಡು ವರ್ಷ ಪಂಪು ಬಿಚ್ಚಿದವನನ್ನು ಮನೆಯಲ್ಲಿ ಕೂರಿಸಿಕೊಂಡು ಸರ್ವೀಸಿಗೆ ಫೋನ್ ಮಾಡಿದ್ದಳು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ.

ಮಾರನೆಯ ದಿನ ನೀರು ನಾರತೊಡಗಿತು. ಅತ್ತೆ ಸಿಂಕಿನ ಮುಂದೆ ನಿಂತು, ಕಣ್ಣಿಗೆ ಕಾಣದ ಪಾತ್ರೆಗಳನ್ನು ಕೈಯಲ್ಲೇ ತಡವಿ ತಡವಿ ತೊಳೆಯುತ್ತಿದ್ದರು. ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದರು.

"ಬುಡಿ ಅತ್ತೆ, ನಾನು ನೋಡ್ತೀನಿ," ಎಂದೆ.

"ನೀವು ನೋಡಿ ಆ ಮಿಷಿನ್ನ. ಇದು ನಂಗೆ ಬರ್ತದೆ," ಎಂದರು ಅವರು, ತಿರುಗದೆ.

ಮಂಚದ ಕೆಳಗಿನಿಂದ ಟೂಲ್ ಬಾಕ್ಸ್ ಎಳೆದೆ. ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಲೋಟದಿಂದ ನೀರು ಮೊಗೆದು ಬಕೆಟ್ಟಿಗೆ ಹಾಕಿದೆ, ಉಳಿದದ್ದನ್ನು ಸ್ಪಂಜಿನಿಂದ ಹೀರಿ ತೆಗೆದೆ. ತಳದ ಫಿಲ್ಟರನ್ನು ತಿರುಗಿಸಿ ಎತ್ತಿದರೆ ಜಾಲರಿಯ ತುಂಬ ಮುದ್ದೆಯ ಹಿಟ್ಟು ಗಾರೆಯಂತೆ ಹಿಡಿದಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದೆ. ಮತ್ತೆ ಕೂರಿಸಿ, ಎರಡು ಚೊಂಬು ನೀರು ಸುರಿದು, ಪ್ಲಗ್ ಹಾಕಿ ನೀರು ಖಾಲಿ ಮಾಡುವ ಬಟನ್ ಒತ್ತಿದೆ. ಪಂಪು ಗುಂಯ್ ಎಂದಿತು. ನೀರು ಅಲುಗಾಡಲಿಲ್ಲ.

ಹಾಗಾದರೆ ಪೈಪು. ಮತ್ತೆ ಪ್ಲಗ್ ಕಿತ್ತು, ಮಿಷಿನ್ನನ್ನು ಗೋಡೆಯಿಂದ ಮುಂದಕ್ಕೆ ಎಳೆದು ನೋಡಿದೆ. ಹಿಂದಿನ ಪೈಪು ಎಲ್ಲೂ ಮಡಚಿಕೊಂಡಿರಲಿಲ್ಲ. ಸಿಂಕಿನ ಕೆಳಗೆ ಸೇರುವ ಕಡೆ ಕ್ಲಿಪ್ ಸಡಿಲಿಸಿ ಊದಿದೆ. ಗಾಳಿ ಸಲೀಸಾಗಿ ಹೋಯಿತು. ಇನ್ನು ಉಳಿದದ್ದು ಪಂಪೇ.

ಸುರಿದ ನೀರನ್ನು ಮತ್ತೆ ಮೊಗೆದು ಫಿಲ್ಟರ್ ತೆಗೆದೆ. ಅದು ಕೂರುವ ಗುಂಡಿಯೊಳಗೆ, ಒಂದು ಪಕ್ಕಕ್ಕೆ, ಪಂಪಿನ ಮುಚ್ಚಳವಿತ್ತು. ಬಿಚ್ಚಿದೆ. ಒಳಗೆ ನೀರನ್ನು ತಳ್ಳುವ ಪುಟ್ಟ ಚಕ್ರ. ಅದು ತಿರುಗುತ್ತದೋ ಇಲ್ಲವೋ ಬೆರಳು ಹಾಕಿಯೇ ನೋಡಬೇಕು. ಪ್ಲಗ್ ಕಿತ್ತಿದ್ದು ನನಗೆ ಗೊತ್ತಿತ್ತು. ಆದರೂ ಎದ್ದು ಹೋಗಿ ನೋಡಿದೆ. ವಾಪಸು ಬಂದು ಕೂತೆ. ಬೆರಳು ಮುಂದೆ ಹೋಗಲಿಲ್ಲ. ಮತ್ತೆ ಎದ್ದು ಹೋಗಿ, ನೆಲದ ಮೇಲೆ ಬಿದ್ದಿದ್ದ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿದೆ.

"ಏನು ಹುಡುಕ್ತಾ ಇದೀರಿ?" ಎಂದು ಅತ್ತೆ ಕೇಳಿದರು.

"ಏನಿಲ್ಲ. ಇದನ್ನ ಹಿಡ್ಕೊಂಡಿರ್ತೀರಾ ಸ್ವಲ್ಪ?"

ಅವರು ಯಾಕೆ ಎಂದು ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಪ್ಲಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತರು. ಆಗ ಬೆರಳು ಹಾಕಿದೆ. ಚಕ್ರ ಕಚ್ಚಿಕೊಂಡಿತ್ತು. ಅದರ ಎಲೆಗಳ ನಡುವೆ ಉಗುರಿನಷ್ಟು ಕರಟದ ಚೂರು. ಇಕ್ಕಳದಲ್ಲಿ ಹಿಡಿದು ಎಳೆದಾಗ ಚಕ್ರ ತಾನಾಗಿ ಅರ್ಧ ಸುತ್ತು ತಿರುಗಿತು. ಎಲ್ಲ ಜೋಡಿಸಿ, ನೀರು ಸುರಿದು, ಅತ್ತೆಯ ಕೈಯಿಂದ ಪ್ಲಗ್ ತೆಗೆದುಕೊಂಡು ಹಾಕಿ ಬಟನ್ ಒತ್ತಿದೆ. ಗಳಗಳ ಎಂದು ನೀರು ಪೈಪಿನಲ್ಲಿ ಇಳಿದುಹೋಯಿತು.

ಸಾಯಂಕಾಲ ಹೆಂಡತಿ ಬಂದು ಮಿಷಿನ್ ನೋಡಿದಳು. "ರೀ, ನೀವು ಮಾಡಿದ್ರಾ?" ಎಂದಳು. ಮುಖ ಅರಳಿತ್ತು. ಆ ಮುಖ ನೋಡಿದ್ದಕ್ಕೋ ಏನೋ, ಇಷ್ಟು ದಿನ ಹೇಳದೆ ಇದ್ದದ್ದನ್ನು ಅಡುಗೆಮನೆಯ ನೆಲದ ಮೇಲೆ ಕೂತೇ ಹೇಳಿದೆ.

"ಅವತ್ತು ಬೆಳಿಗ್ಗೆ ಜಾಲರಿ ಬಿಚ್ಚಿದ್ದನ್ನ ನಾನು ನೋಡಿದ್ದೆ ಕಣೇ. ಟೀ ಕುಡ್ಕೊಂಡು ಬಂದು ಹಾಕ್ಸೋಣ ಅಂತ ಹೋದೆ. ವಿಚಾರಣೇಲಿ ಅದನ್ನ ಹೇಳ್ಲಿಲ್ಲ."

ಅವಳು ಬ್ಯಾಗು ಕೆಳಗಿಟ್ಟು ನನ್ನ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ, "ಆ ಹುಡುಗಂಗೆ ಹೇಳಿದ್ದೀರಾ?" ಎಂದಳು.

ಭಾನುವಾರ ಹೆಬ್ಬೂರು ಮೇಲೆ ಹೋಗುವ ಬಸ್ಸಿನಲ್ಲಿ ಕುಣಿಗಲ್‌ಗೆ ಹೋದೆ. ಅವನು ಮನೆಯ ಮುಂದಿನ ಜಗಲಿಯಲ್ಲಿ ಕೂತಿದ್ದ. ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಬಾ ಅಣ್ಣಾ ಎಂದು ಕುರ್ಚಿ ಎಳೆಯಲು ಎದ್ದ, ನಾನೇ ಎಳೆದುಕೊಂಡೆ. ಹೆಂಡತಿಗೆ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ ಅವನಿಗೂ ಹೇಳಿದೆ. ಬಾಯಿಪಾಠ ಒಪ್ಪಿಸಿದ ಹಾಗಿತ್ತು.

"ಗೊತ್ತು ಬುಡಣ್ಣ," ಎಂದ ಅವನು. "ನೀನು ಜಾಲರಿ ಕಡೆ ನೋಡಿದ್ದು ನಂಗೂ ಕಾಣ್ತು. ಬೈತೀಯ ಅಂದ್ಕೊಂಡಿದ್ದೆ. ನೀನು ಏನೂ ಅನ್ಲಿಲ್ಲ. ಅಣ್ಣನೇ ಸುಮ್ಕೆ ಹೋದ್ನಲ್ಲ, ನಡೀತದೆ ಅಂದ್ಕೊಂಡೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಅಳುತ್ತಿದ್ದೆನೋ ಏನೋ. ಅವನ ಹೆಂಡತಿ ಊಟಕ್ಕೆ ಏಳಿ ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಹುರುಳಿ ಸಾರು, ಮುದ್ದೆ. ಅವನು ಎಡಗೈಯಲ್ಲಿ ಮುದ್ದೆ ಮುರಿಯಲು ಹೆಣಗುತ್ತಿದ್ದ. ನಾನು ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡೆ. ರುಚಿ ಹೇಗಿತ್ತೆಂದು ಈಗಲೂ ನೆನಪಿಲ್ಲ.

ಸೋಮವಾರ ಕೆಲಸಕ್ಕೆ ಹೋಗಿ ನಡೆದದ್ದನ್ನು ಬರೆದುಕೊಟ್ಟೆ. ಮ್ಯಾನೇಜರ್ ಓದಿ, "ಮುಗ್ದಿತ್ತಲ್ರೀ, ಇದು ಯಾಕೆ ಈಗ?" ಎಂದರು. ಅವರು ಹಿಂದಕ್ಕೆ ಚಾಚಿದ ಹಾಳೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಮತ್ತೆ ವಿಚಾರಣೆ ಕರೆದರು. ತಪ್ಪು ಅವನೊಬ್ಬನದೇ ಎಂಬ ಸಾಲನ್ನು ಹೊಡೆದುಹಾಕಿದರು, ನನಗೆ ಎಚ್ಚರಿಕೆಯ ಪತ್ರ ಕೊಟ್ಟರು. ಜಾಲರಿ ತೆಗೆದರೆ ಪ್ರೆಸ್ಸು ನಡೆಯದಂಥ ಸ್ವಿಚ್ಚನ್ನು ನಾನೇ ಕೂರಿಸಿದೆ. ಗಾಯ ಮಾಗಿದ ಮೇಲೆ ಅವನನ್ನು ಸ್ಟೋರಿಗೆ ಹಾಕಿದರು.

ಈಗ ಬೋಲ್ಟು, ಬೇರಿಂಗು ಬೇಕಾದಾಗ ಅವನ ಹತ್ತಿರವೇ ಹೋಗುತ್ತೇನೆ. ಮೊನ್ನೆ ಅವನು ಎಡಗೈಯಲ್ಲಿ ಬರೆದ ಚೀಟಿ ಅರ್ಥವಾಗದೆ ಮೂರು ಸಲ ಕೇಳಿದೆ.

"ಓದೋಕೆ ಬರಲ್ವೇನಣ್ಣ ನಿಂಗೆ?" ಎಂದ.

ನಗುತ್ತಾ ಅಂದನೋ ಏನೋ. ನಾನು ತಲೆ ಎತ್ತಿ ನೋಡಲಿಲ್ಲ.