ಸಹನಾ ನನ್ನನ್ನೇ ಕೇಳಿದ್ದಳು

ಕೊರೊನಾ ಗಲಾಟೆ ಮುಗಿದು ಶಾಲೆಗಳೆಲ್ಲ ಮತ್ತೆ ಬಾಗಿಲು ತೆರೆದ ವರ್ಷ ಅದು. ತಾಂಡವಪುರದಲ್ಲಿರುವ ನನ್ನ ಅಕ್ಕನ ದೊಡ್ಡ ಮಗಳು ಮೇಘನಾ ಮೈನೆರೆದಳು. ನಮ್ಮ ಕಡೆ ಇಂಥ ಸುದ್ದಿ ಮೊದಲು ಹೋಗುವುದು ಸೋದರಮಾವನಿಗೆ. ಹಸಿರು ಸೊಪ್ಪು, ತೆಂಗಿನ ಗರಿ ತಂದು ಹುಡುಗಿ ಕೂರುವುದಕ್ಕೆ ಗುಡ್ಲು ಹಾಕಬೇಕಾದವನು ಅವನೇ. ನಾನು ಮೂಗೂರಿನಲ್ಲಿ ಗೂಡ್ಸ್ ಆಟೊ ಓಡಿಸುವವನು. ಅಕ್ಕನ ಫೋನು ಬಂದದ್ದೇ ತಡ, ಬಾಡಿಗೆ ಬಿಟ್ಟು, ಆಟೊ ತುಂಬ ಅತ್ತಿ ಸೊಪ್ಪು, ಗರಿ ಹೇರಿಕೊಂಡು ಹೊರಟೆ. ಇಂಥ ವಿಷಯದಲ್ಲಿ ನನ್ನದು ಯಾವಾಗಲೂ ಸ್ವಲ್ಪ ಅತಿಯೇ. ಆ ಬೀದಿಯಲ್ಲಿ ಯಾರೂ ಹಾಕಿರದಂಥ ಗುಡ್ಲು ಹಾಕಬೇಕು ಅನ್ನುವ ಜಂಬ. ಸೀರಿಯಲ್ ಸೆಟ್ ಲೈಟು ಬೇರೆ ಸುತ್ತಿಸಿದೆ. ಆರತಿಯ ದಿನ ಮೇಘನಾ ಸೀರೆ ಉಟ್ಟು ಕೂತಿದ್ದ ಫೋಟೊ ತೆಗೆದು, 'ನಮ್ಮನೆ ಮಗಳು ದೊಡ್ಡವಳಾದಳು' ಎಂದು ಬರೆದು ಸ್ಟೇಟಸ್‌ಗೂ ಹಾಕಿದೆ.

ಅದನ್ನು ಯಾರು ಯಾರಿಗೆ ಕಳಿಸಿದರೋ, ಅವಳ ಕ್ಲಾಸಿನ ಹುಡುಗರವರೆಗೂ ಹೋಯಿತು. ಮೇಘನಾ ಶಾಲೆಗೆ ಹೋಗುವುದೇ ಇಲ್ಲ ಎಂದು ಅತ್ತಳು. ನಾವೆಲ್ಲ ಅದನ್ನು ನಾಚಿಕೆ ಅಂದುಕೊಂಡು ನಕ್ಕೆವು.

ಆ ಗುಡ್ಲು ಕಟ್ಟುವಾಗ ಚಿಕ್ಕವಳು ಸಹನಾ ನನ್ನ ಪಕ್ಕದಲ್ಲೇ ನಿಂತು ದಾರ ಕೊಡುತ್ತಿದ್ದಳು. ಆಗ ಅವಳು ಐದನೇ ಕ್ಲಾಸು. ಬಾಯಿ ಮುಚ್ಚಿದವಳೇ ಅಲ್ಲ. ಶಾಲೆಯಲ್ಲಿ ಯಾರಿಗೆ ಏಟು ಬಿತ್ತು, ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲವನ್ನೂ ನನ್ನ ಕಿವಿಗೆ ಹಾಕದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ. ಅವತ್ತು ಮಾತ್ರ ಮೆಲ್ಲಗೆ ಕೇಳಿದಳು.

"ಮಾವ, ಅಕ್ಕಂಗೇನಾಗದೆ? ಗಾಯ ಆಗದಾ? ಮುಟ್ಬ್ಯಾಡ, ಅತ್ರ ಓಗ್ಬ್ಯಾಡ ಅಂತ ಎಲ್ರೂ ಬೈತಾರೆ."

"ಏನೂ ಇಲ್ಲ ಕಣವ್ವ. ನಿನ್ ಸರದಿ ಬರ್ಲಿ, ಇದಕ್ಕಿಂತ ದೊಡ್ಡ ಗುಡ್ಲಾಕ್ತೀನಿ. ಊರೆಲ್ಲ ಬಂದು ನೋಡ್ಬೇಕು, ಅಂಗೆ!" ಎಂದೆ.

ಸುತ್ತ ಇದ್ದವರು ನಕ್ಕರು. ಅವಳು ನಗಲಿಲ್ಲ. ಮತ್ತೆ ಏನೂ ಕೇಳಲೂ ಇಲ್ಲ. ನಾನು ಆ ಮಾತನ್ನು ಅಲ್ಲಿಗೇ ಮರೆತೆ.

ಎರಡು ವರ್ಷ ಕಳೆಯಿತು. ಮೇಘನಾ ಪಿಯುಸಿ ಓದಲು ಮೈಸೂರಿನ ಹಾಸ್ಟೆಲ್ ಸೇರಿದಳು. ಭಾವ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ. ಅಕ್ಕ ಬೆಳಗ್ಗೆ ಫ್ಯಾಕ್ಟರಿ ವ್ಯಾನು ಹತ್ತಿದರೆ ಮನೆ ಸೇರುವುದು ಸಂಜೆಗೇ. ಒಂದು ದಿನ ನಂಜನಗೂಡಿಗೆ ಬಾಳೆಗೊನೆ ಇಳಿಸಲು ಹೋಗಿದ್ದವನು ಹಾಗೇ ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದದ್ದು ಸಹನಾ. ಶಾಲೆಗೆ ಹೋಗಿರಲಿಲ್ಲ. ಗೋಡೆ ಹಿಡಿದು, ಹಲ್ಲು ಕಚ್ಚಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಹಣೆ ಮುಟ್ಟಿದರೆ ಸುಡುತ್ತಿತ್ತು.

"ಎಲ್ಲಾರ ಬಿದ್ಯಾ?" ಎಂದೆ. "ಊಂ" ಎಂದಳು.

ಅವಳನ್ನು ಆಟೊದಲ್ಲಿ ಕೂರಿಸಿಕೊಂಡು ನಂಜನಗೂಡಿನ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆ. ಅಲ್ಲಿದ್ದ ಲೇಡಿ ಡಾಕ್ಟರು ಪರದೆಯ ಹಿಂದೆ ಅವಳ ಜೊತೆ ಬಹಳ ಹೊತ್ತು ಮಾತಾಡಿ, ಆಮೇಲೆ ನನ್ನನ್ನು ಕರೆದರು.

"ಇವರಮ್ಮ ಎಲ್ಲಿ?"

"ಡ್ಯೂಟೀಲವ್ಳೆ ಮೇಡಂ. ನಾನು ಸೋದರಮಾವ."

"ತಕ್ಷಣ ಕರೆಸಿ. ಈ ಮಗು ದೊಡ್ಡವಳಾಗಿ ಎಷ್ಟೋ ತಿಂಗಳಾಗಿದೆ. ಯಾರಿಗೂ ಗೊತ್ತಾಗಬಾರದು ಅಂತ ಹಳೇ ಬಟ್ಟೆ ಬಳಸಿ, ತೊಳೆದು, ಒದ್ದೆಯದ್ದನ್ನೇ ಹಾಸಿಗೆ ಕೆಳಗೆ ಬಚ್ಚಿಟ್ಟು, ಮತ್ತೆ ಅದನ್ನೇ ಹಾಕ್ಕೊಂಡಿದ್ದಾಳೆ. ಚರ್ಮ ಎಲ್ಲ ಹುಣ್ಣಾಗಿ ಕೀವು ಕಟ್ಟಿದೆ. ಇನ್ನೂ ಬಿಟ್ಟಿದ್ರೆ ತುಂಬ ಕಷ್ಟ ಆಗೋದು. ಬಟ್ಟೆ ಬಳಸೋದು ತಪ್ಪಲ್ಲ. ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಬೇಕು, ಆಗಾಗ ಬದಲಾಯಿಸಬೇಕು. ಇಷ್ಟನ್ನು ಮನೇಲಿ ಯಾರೂ ಹೇಳ್ಕೊಡಲಿಲ್ವಾ?"

ನಾನು ಆಚೆ ಬಂದು ಅಕ್ಕನಿಗೆ ಫೋನು ಮಾಡಿದೆ. ಅಕ್ಕ ಫ್ಯಾಕ್ಟರಿಯ ಏಪ್ರನ್ನಿನಲ್ಲೇ ಓಡಿ ಬಂದಳು. ಮಗಳನ್ನು ತಬ್ಬಿಕೊಂಡು ಅತ್ತಳು. ನನ್ನ ಕಡೆ ತಿರುಗಿ, "ಇನ್ನೂ ಚಿಕ್ಕೋಳು ಅಂದ್ಕಂಡಿದ್ನಲ್ಲೋ. ಆದ್ಮೇಲೆ ಏಳ್ಕೊಟ್ರಾಯ್ತು ಅಂತ ಸುಮ್ನಿದ್ಬುಟ್ಟೆ" ಎಂದಳು. ಮರುಗಳಿಗೆಯಲ್ಲೇ ಬೈಗುಳವೂ ಶುರುವಾಯಿತು. "ಮುಚ್ಚಿಟ್ಬುಟ್ಯಲ್ಲೇ, ಆರ್ತಿ ಮಾಡ್ಬೇಕಿತ್ತು. ನೆಂಟ್ರಿಗೆ ಈಗ ಏನಂತ ಏಳ್ಲಿ?" ಆರತಿ ಎಂಬ ಮಾತು ಕೇಳಿದ್ದೇ, ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿದ್ದ ಸಹನಾ ಹೊದಿಕೆಯನ್ನು ಮುಖದವರೆಗೂ ಎಳೆದುಕೊಂಡಳು.

ಅಕ್ಕ ಔಷಧಿ ತರಲು ಹೋದಾಗ ನಾನು ಅವಳ ತಲೆ ಸವರುತ್ತಾ ಕೇಳಿದೆ. "ನಂಗಾದ್ರೂ ಏಳ್ಬಾರ್ದಿತ್ತಾ ಮಗ? ಎಲ್ಲಾನೂ ಏಳ್ತಿದ್ದಲ್ಲ."

ಅವಳು ಹೊದಿಕೆಯ ಒಳಗಿನಿಂದಲೇ ಹೇಳಿದಳು. "ನಿಂಗೇಳಿದ್ರೆ ನೀನು ಸೊಪ್ಪು ತರಕ್ಕೋಯ್ತಿದ್ದೆ ಮಾವ."

ಅವತ್ತು ಗುಡ್ಲು ಕಟ್ಟುವಾಗ ಮಗು ಹೆದರಿಕೊಂಡು ಕೇಳಿದ ಪ್ರಶ್ನೆಗೆ ನಾನು ಕೊಟ್ಟಿದ್ದು ಗುಡ್ಲಿನ ಆಸೆ. ಅದೇ ಅವಳಿಗೆ ಭಯವಾಯಿತು. ಕೂರಿಸಿಕೊಂಡು, "ಇದು ಗಾಯ ಅಲ್ಲ, ಕಾಯಿಲೆ ಅಲ್ಲ, ನಿಮ್ಮಮ್ಮನ್ನ ಕೇಳು, ಎಲ್ಲ ಹೇಳ್ತಾಳೆ" ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಹುಣ್ಣು ವಾಸಿಯಾಯಿತು. ಗುಡ್ಲು ಹಾಕಲಿಲ್ಲ. ನೆಂಟರು ಮುನಿಸಿಕೊಂಡರು, ಇರಲಿ. ನನ್ನ ಮಗಳು ಮೂರನೇ ಕ್ಲಾಸಿಗೆ ಬಂದಾಗಲೇ ಹೆಂಡತಿ ಅವಳಿಗೆ ಒಂದೊಂದಾಗಿ ಎಲ್ಲ ಹೇಳಿಕೊಡಲು ಶುರು ಮಾಡಿದಳು. ಇದು ಹೆಂಗಸರ ಮಾತು ಎಂದು ನಾನೂ ಎದ್ದು ಹೋಗಲಿಲ್ಲ.

ಸಹನಾ ಈಗ ಒಂಬತ್ತನೇ ಕ್ಲಾಸು. ಹೋದಾಗಲೆಲ್ಲ ಕಾಫಿ ಮಾಡಿ ಕೊಡುತ್ತಾಳೆ. "ಚೆನ್ನಾಗಿದ್ದೀಯಾ ಮಗ?" ಎಂದರೆ "ಊಂ ಮಾವ" ಎನ್ನುತ್ತಾಳೆ, ಅಷ್ಟೇ. ಅವಳು ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋಗುವಾಗ, ಮತ್ತೆ ಯಾವುದಾದರೂ ನೋವು ಮುಚ್ಚಿಟ್ಟುಕೊಂಡಿದ್ದಾಳಾ ಎಂದು ನಾನು ಅವಳ ನಡಿಗೆಯನ್ನೇ ನೋಡುತ್ತಾ ಕೂರುತ್ತೇನೆ.